ಅಂಗಡಿ ಮುಚ್ಚಿದ ಮೇಲೂ ಹಾಡು ಓಡಬೇಕಾದರೆ

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯ ನಿವೃತ್ತ ಟೀಚರ್. ಹಾಡು ಕೇಳುವ ಒಂದು ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿ, ಮುನ್ನೂರು ಹಾಡು ಫೋನಿಗೆ ಡೌನ್‌ಲೋಡ್ ಮಾಡಿಕೊಂಡಿದ್ದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ, ಆಗ ಕೇಳೋಣ ಅಂತ. ಆಗಸ್ಟ್‌ನಲ್ಲಿ ಒಂದು ದಿನ ನೋಡಿದರೆ ಎಲ್ಲಾ ಹಾಡೂ ಮಂಕಾಗಿ ಕೂತಿವೆ, ಒತ್ತಿದರೆ ಓಡಲ್ಲ. ಅಮೆರಿಕದಲ್ಲಿರುವ ತಮ್ಮ 2006ರಲ್ಲಿ ಐಟ್ಯೂನ್ಸ್‌ನಲ್ಲಿ ಕೊಂಡ ಹಾಡುಗಳು ಅವನು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿವೆ, ಅವನ್ನು ನನ್ನ ಫೋನಿಗೆ ಹಾಕಿದರೆ ಅವೂ ಓಡಲ್ಲ. ಆದರೆ ಮಗ ಹತ್ತು ವರ್ಷದ ಹಿಂದೆ ಗೋಣಿಕೊಪ್ಪದ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದ ಮೆಮೊರಿ ಕಾರ್ಡು ಇವತ್ತಿಗೂ ಚೆನ್ನಾಗಿ ಹಾಡುತ್ತಿದೆ. ದುಡ್ಡು ಕೊಟ್ಟವರಿಗೆ ಬೀಗ, ಕೊಡದವರಿಗೆ ತೆರೆದ ಬಾಗಿಲು. ಇದು ಯಾವ ನ್ಯಾಯ? ಇನ್ನೊಂದು: ಮನೆಯಲ್ಲಿ ಅಕ್ಕನ ಮದುವೆಯ ವಾಲಗದ ಕ್ಯಾಸೆಟ್ಟು, ಕೊಡವ ಹಾಡಿನ ಕೆಲವು ಸಿಡಿಗಳು ಇವೆ. ಅವನ್ನು ಫೋನಿಗೆ ಹಾಕಿಕೊಂಡರೆ ತಪ್ಪಾ? ನೆಂಟರಿಗೆ ಕಳಿಸಬಹುದಾ?

ಉತ್ತರ: ಟೀಚರ್, ಮೊದಲು ಆಗಸ್ಟಿನ ಗೋಳು ಮುಗಿಸಿಬಿಡೋಣ, ಅದು ಸುಲಭ. ನಿಮ್ಮ ಹಾಡುಗಳು ಎಲ್ಲೂ ಹೋಗಿಲ್ಲ. ಫೋನಿನಲ್ಲೇ ಇವೆ, ಜಾಗವನ್ನೂ ತಿನ್ನುತ್ತಿವೆ. ಅವುಗಳ ಬೀಗ ತೆಗೆಯಲು ಬೇಕಾದ ಅನುಮತಿಯ ಗಡುವು ಮುಗಿದಿದೆ, ಅಷ್ಟೆ.

ತಿಂಗಳ ಅಥವಾ ವರ್ಷದ ಚಂದಾ ಕಟ್ಟುವ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಅಂತ ಬರೆದಿದ್ದರೂ ನಿಮಗೆ ಸಿಗುವುದು ಬೀಗ ಹಾಕಿದ ಪೆಟ್ಟಿಗೆ. ಹಾಡು ಗೂಢಲಿಪಿಯಲ್ಲಿ ಇರುತ್ತದೆ. ಅದನ್ನು ಬಿಡಿಸುವ ಕೀಲಿ ಆ್ಯಪ್‌ನ ಹೊಟ್ಟೆಯೊಳಗೆ ಇರುತ್ತದೆ. ಆ ಕೀಲಿಗೆ ಒಂದು ತಾರೀಕು ಅಂಟಿಸಿರುತ್ತಾರೆ. ಆ್ಯಪ್ ಆಗಾಗ ಕಂಪನಿಯ ಸರ್ವರ್‌ಗೆ ಫೋನ್ ಮಾಡಿ 'ಇವರು ಇನ್ನೂ ದುಡ್ಡು ಕಟ್ಟುತ್ತಿದ್ದಾರಾ?' ಅಂತ ಕೇಳಬೇಕು, ಅಲ್ಲಿಂದ 'ಹೌದು' ಬಂದರೆ ತಾರೀಕು ಮುಂದಕ್ಕೆ ಹೋಗುತ್ತದೆ. ಸ್ಪಾಟಿಫೈ ತನ್ನ ನಿಯಮದಲ್ಲೇ ಇದನ್ನು ಹೇಳಿದೆ: 30 ದಿನಕ್ಕೆ ಒಮ್ಮೆಯಾದರೂ ಆನ್‌ಲೈನ್ ಬರಬೇಕು. ನಿಮ್ಮ ಆ್ಯಪ್ ಯಾವುದೆಂದು ನೀವು ಬರೆದಿಲ್ಲ, ಆದರೆ ಲಕ್ಷಣ ನೋಡಿದರೆ ಕಾಯಿಲೆ ಅದೇ.

ನೀವು ಹೇಳಬಹುದು, 'ಜುಲೈನಲ್ಲಿ ಸಂತೆಗೆ ಹೋದಾಗ ವಾಟ್ಸ್‌ಆ್ಯಪ್ ಬಂತಲ್ಲ, ನೆಟ್ ಇತ್ತಲ್ಲ' ಅಂತ. ವಾಟ್ಸ್‌ಆ್ಯಪ್ ಬಂದರೆ ಸಾಲದು. ಹಾಡಿನ ಆ್ಯಪನ್ನೇ ತೆರೆದು ಎರಡು ನಿಮಿಷ ಬಿಡಬೇಕು. ಮುಂದಿನ ಮಳೆಗಾಲದಲ್ಲಿ ಸಾಮಾನು ತರಲು ಪೇಟೆಗೆ ಹೋದಾಗಲೆಲ್ಲ ಆ್ಯಪ್ ತೆರೆದು ಒಂದು ಹಾಡು ಹಾಕಿ, ಅಂಗಡಿಯವನು ಚೀಟಿ ಲೆಕ್ಕ ಹಾಕುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಆ್ಯಪ್‌ನಿಂದ ಲಾಗೌಟ್ ಆಗಬೇಡಿ, ಅಳಿಸಿ ಮತ್ತೆ ಹಾಕಬೇಡಿ. ಹಾಗೆ ಮಾಡಿದರೆ ಮುನ್ನೂರು ಹಾಡನ್ನೂ ಮೊದಲಿನಿಂದ ಇಳಿಸಿಕೊಳ್ಳಬೇಕು, ನಾಪೋಕ್ಲು ಕಡೆಯ ನೆಟ್‌ನಲ್ಲಿ ಅದು ಒಂದು ವಾರದ ಕೆಲಸ.

ಇದನ್ನು ನಾನು ಅನ್ಯಾಯ ಅಂತ ಹೇಳಲ್ಲ. ನೀವು ಮಾಡಿದ್ದು ಬಾಡಿಗೆ ವ್ಯವಹಾರ. ನಮ್ಮ ಜಿಲ್ಲೆಯಲ್ಲಿ ಊರಿಗೆ ಹತ್ತು ಹೋಂಸ್ಟೇ ಇವೆ, ಬಂದವರು ದುಡ್ಡು ಕೊಟ್ಟು ಎರಡು ದಿನ ಇರುತ್ತಾರೆ, ಕೀಲಿ ವಾಪಸ್ ಕೊಟ್ಟು ಹೋಗುತ್ತಾರೆ. ರೂಮು ನಮ್ಮದಾಗಲಿಲ್ಲವಲ್ಲ ಅಂತ ಯಾರೂ ಅಳುವುದಿಲ್ಲ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಗೆ ಕೋಟಿಗಟ್ಟಲೆ ಹಾಡು ಸಿಗುತ್ತದೆ ಅಂದರೆ ಅದು ಬಾಡಿಗೆಯೇ ತಾನೇ. ನನ್ನ ಸಿಟ್ಟು ಬೇರೆ ಕಡೆ ಇದೆ: 'ಡೌನ್‌ಲೋಡ್' ಎಂಬ ಪದವನ್ನು ಹಾಗೆ ಬಳಸುವುದು. ಹೋಂಸ್ಟೇ ಬೋರ್ಡಿನ ಮೇಲೆ 'ಮನೆ ಮಾರಾಟಕ್ಕಿದೆ' ಅಂತ ಬರೆದ ಹಾಗೆ ಅದು. ಅದರ ಮೇಲೆ, ಹಾಡಿನ ಕಂಪನಿಗೂ ಆ್ಯಪ್‌ನವರಿಗೂ ದುಡ್ಡಿನ ಮಾತು ಮುರಿದರೆ ನೀವು ಇಳಿಸಿಕೊಂಡ ಹಾಡೂ ಮಾಯವಾಗುತ್ತದೆ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಹೋಗಿದ್ದು ಹಾಗೆಯೇ. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನೇ ನಿಲ್ಲಿಸುವುದಾಗಿ ಹೇಳಿತು. ಬಾಡಿಗೆ ಮನೆ ಯಜಮಾನ ಖಾಲಿ ಮಾಡಿ ಅಂದರೆ ಮಾಡಬೇಕು, ಅಷ್ಟೆ.

ನಿಮ್ಮ ತಮ್ಮನ ಲ್ಯಾಪ್‌ಟಾಪಿನ ಕಥೆ ಹಾಗಲ್ಲ. ಅವರು ಬಾಡಿಗೆಗೆ ತೆಗೆದುಕೊಳ್ಳಲಿಲ್ಲ, ಒಂದೊಂದು ಹಾಡಿಗೂ 99 ಸೆಂಟ್ ಕೊಟ್ಟು ಕೊಂಡರು. ಆದರೂ ಬೀಗ ಇದೆ. ಇಲ್ಲಿ ಸಿಟ್ಟು ಬರಬೇಕಾದ್ದು ನ್ಯಾಯವೇ. ಇದು ಹೇಗಾಯಿತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೆಮೊರಿ ಕಾರ್ಡಿನ ಉತ್ತರವೂ ಅಲ್ಲೇ ಇದೆ.

ಸಿಡಿಯಲ್ಲಿ ಹಾಡು ಇರುವುದು ಅಂಕಿಗಳಾಗಿ. ಒಂದು ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ, ಎಡಕ್ಕೆ ಒಂದು ಬಲಕ್ಕೆ ಒಂದು ಅಂತ ಬರೆದಿರುತ್ತಾರೆ. ನಾಲ್ಕು ನಿಮಿಷದ ಹಾಡು ಹೀಗೆ ಬರೆದರೆ 42 ಎಂಬಿ ಆಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು, ಮುಖ್ಯವಾಗಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಜೊತೆಗಾರರು, ಇದನ್ನು ಕಿವಿಯ ದೌರ್ಬಲ್ಯ ಬಳಸಿ ಕುಗ್ಗಿಸಿದರು. ಮದುವೆ ಮನೆಯಲ್ಲಿ ವಾಲಗ ಜೋರಾಗಿ ಬಾರಿಸುತ್ತಿರುವಾಗ ಪಕ್ಕದವರು ಪಿಸುಗುಟ್ಟಿದ್ದು ನಿಮಗೆ ಕೇಳುತ್ತಾ? ಕೇಳಲ್ಲ. ಕೇಳದ್ದನ್ನು ಬರೆದಿಡುವುದು ಯಾಕೆ? ಅದನ್ನು ಎಸೆದುಬಿಡು. ಎಂಪಿ3 ಅಂದರೆ ಇಷ್ಟೇ. 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್ ಲೆಕ್ಕದಲ್ಲಿ ಅದೇ ಹಾಡು 4 ಎಂಬಿಗಿಂತ ಕಡಿಮೆ, ಹನ್ನೊಂದರಲ್ಲಿ ಒಂದು ಪಾಲು. ಫೈಲಿನ ಬಾಲಕ್ಕೆ 'ಎಂಪಿ3' ಎಂಬ ಹೆಸರು ಇಟ್ಟದ್ದು 1995ರ ಜುಲೈನಲ್ಲಿ. ಈ ಜಾಣತನದಲ್ಲಿ ಬೀಗ ಎಂಬುದೇ ಇರಲಿಲ್ಲ. ಯಾವ ಯಂತ್ರಕ್ಕೆ ಹಾಕಿದರೂ ಓಡುತ್ತದೆ, ಯಾರ ಅನುಮತಿಯನ್ನೂ ಕೇಳುವುದಿಲ್ಲ.

1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹತ್ತೊಂಬತ್ತೂ ತುಂಬದ ಹುಡುಗ ನ್ಯಾಪ್‌ಸ್ಟರ್ ಬರೆದ. ನಿಮ್ಮ ಕಂಪ್ಯೂಟರಿನ ಹಾಡನ್ನು ನಾನು, ನನ್ನದನ್ನು ನೀವು ನೇರವಾಗಿ ತೆಗೆದುಕೊಳ್ಳುವ ವ್ಯವಸ್ಥೆ. ನಾನಾಗ ಮಡಿಕೇರಿಯ ಒಂದು ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಡಯಲ್‌ಅಪ್ ಮೋಡೆಮ್. ಪುಸ್ತಕದ ಲೆಕ್ಕದಲ್ಲಿ ಒಂದು ಹಾಡು ಹನ್ನೆರಡು ಹದಿಮೂರು ನಿಮಿಷಕ್ಕೆ ಬರಬೇಕು, ನಮ್ಮಲ್ಲಿ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಎಂಬತ್ತು ಪರ್ಸೆಂಟ್ ಬಂದ ಮೇಲೆ ಎಲ್ಲೋ ಮರ ಬಿದ್ದು ಲೈನ್ ಹೋಗುವುದು, ಯುಪಿಎಸ್ ಕುಯ್ ಅನ್ನುವುದು, ಗಿರಾಕಿ ನನ್ನ ಮುಖ ನೋಡುವುದು. ಕಾಲೇಜು ಹುಡುಗರು ಫ್ಲಾಪಿ ತಂದು, ಅದರಲ್ಲಿ ಹಾಡು ಹಿಡಿಸಲ್ಲ ಅಂತ ಗೊತ್ತಾಗಿ, ಹಾಡನ್ನು ಮೂರು ತುಂಡು ಮಾಡಿ ಮೂರು ಫ್ಲಾಪಿಗೆ ಹಾಕಿಕೊಂಡು ಹೋಗುತ್ತಿದ್ದರು. ಮನೆಗೆ ಹೋಗಿ ನೋಡಿದರೆ ನಡುವಿನ ಫ್ಲಾಪಿ ಕೆಟ್ಟಿರುತ್ತಿತ್ತು.

ಹಾಡು ಕಾಪಿ ಮಾಡುವುದು ಅಲ್ಲಿಂದ ಶುರುವಾಯಿತು ಅಂತ ಅಂದುಕೊಳ್ಳಬೇಡಿ. ನಿಮಗೇ ನೆನಪಿರುತ್ತದೆ, ಹಾಡಿನ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಜೊತೆ ಅಂಗಡಿಗೆ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಆದರೆ ಕ್ಯಾಸೆಟ್ಟಿಗೆ ಒಂದು ಸಹಜ ಕಡಿವಾಣ ಇತ್ತು. ಕಾಪಿಯ ಕಾಪಿ ಮಾಡಿದಂತೆ ಬುಸ್ ಅನ್ನುವ ಸದ್ದು ಜಾಸ್ತಿಯಾಗಿ ನಾಲ್ಕನೇ ಕೈಗೆ ಬರುವಾಗ ಹಾಡೇ ಮಂಕಾಗುತ್ತಿತ್ತು. ಎಂಪಿ3 ಫೈಲಿನ ಸಾವಿರನೇ ಕಾಪಿಯೂ ಮೊದಲನೆಯದರಷ್ಟೇ ಚೆಂದ. ಕಂಪನಿಗಳು ಹೆದರಿದ್ದು ಇದಕ್ಕೆ. ಕೋರ್ಟಿಗೆ ಹೋದರು, 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ನಿಂತಿತು. ನಿಂತದ್ದು ಅದೊಂದೇ. ಅದರಲ್ಲಿ ಯಾರ ಹತ್ತಿರ ಯಾವ ಹಾಡಿದೆ ಎಂಬ ಪಟ್ಟಿ ಒಂದೇ ಕಡೆ ಇತ್ತು, ಹಾಗಾಗಿ ಒಂದು ಬಾಗಿಲು ಮುಚ್ಚಿದರೆ ಸಾಕಾಯಿತು. ಅದರ ಬೆನ್ನಿಗೇ ಬಂದ ನ್ಯುಟೆಲ್ಲಾ, ಬಿಟ್‌ಟೊರೆಂಟ್‌ನಂಥವು ಕೆಲಸವನ್ನು ಎಲ್ಲರ ಕಂಪ್ಯೂಟರಿಗೂ ಹಂಚಿಬಿಟ್ಟವು, ಮುಚ್ಚಲು ಬಾಗಿಲೇ ಸಿಗಲಿಲ್ಲ.

ಆಗ ಶುರುವಾಯಿತು ಬೀಗದ ಹುಚ್ಚು. ಇದರಲ್ಲಿ ನಗು ಬರುವ ಕಥೆಗಳೂ ಇವೆ, ಹೊಟ್ಟೆ ಉರಿಯುವ ಕಥೆಗಳೂ ಇವೆ. 2002ರ ಹೊತ್ತಿಗೆ ಕಂಪ್ಯೂಟರಿಗೆ ಹಾಕಿದರೆ ಓಡದಂಥ ಸಿಡಿಗಳು ಬಂದವು. ಸಿಡಿಯ ಹೊರ ಅಂಚಿನಲ್ಲಿ ಕಂಪ್ಯೂಟರನ್ನು ಗಲಿಬಿಲಿ ಮಾಡುವ ಸುಳ್ಳು ಮಾಹಿತಿ ಇಟ್ಟಿದ್ದರು. ಆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಬೀಗ ಖತಂ. 2003ರಲ್ಲಿ ಇನ್ನೊಂದು ಬಂತು, ಸಿಡಿ ಹಾಕಿದ ಕೂಡಲೇ ತಾನೇ ತಾನಾಗಿ ಒಂದು ಕಾವಲು ಪ್ರೋಗ್ರಾಮ್ ಕೂರಿಸುವಂಥದ್ದು. ಅಲೆಕ್ಸ್ ಹಾಲ್ಡರ್‌ಮನ್ ಎಂಬ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ, ಸಿಡಿ ಹಾಕುವಾಗ ಕೀಬೋರ್ಡಿನ ಶಿಫ್ಟ್ ಒತ್ತಿ ಹಿಡಿದರೆ ಅದು ಕೂರುವುದೇ ಇಲ್ಲ ಅಂತ ಬರೆದ. ಬೀಗ ಮಾಡಿದ ಸನ್‌ಕಾಮ್ ಕಂಪನಿ ಅವನ ಮೇಲೆ ಕೇಸು ಹಾಕುತ್ತೇವೆ ಅಂತ ಗುಡುಗಿತು. ಶಿಫ್ಟ್ ಒತ್ತಿದ್ದಕ್ಕೆ ಕೇಸು ಅಂತ ಜನ ನಗಲು ಶುರು ಮಾಡಿದ ಮೇಲೆ ಸುಮ್ಮನಾಯಿತು.

2005ರದ್ದು ನಗುವ ವಿಷಯ ಅಲ್ಲ. ಆ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೊವಿಚ್ ಎಂಬ ವಿಂಡೋಸ್ ತಜ್ಞ ತನ್ನದೇ ಕಂಪ್ಯೂಟರಿನಲ್ಲಿ ಕಳ್ಳ ಪ್ರೋಗ್ರಾಮ್ ಒಂದು ಸಿಕ್ಕಿದ ಕಥೆಯನ್ನು ಬ್ಲಾಗಿನಲ್ಲಿ ಬರೆದ. ಹುಡುಕಿ ನೋಡಿದರೆ ಅದು ಬಂದದ್ದು ದುಡ್ಡು ಕೊಟ್ಟು ಕೊಂಡ ಸೋನಿ ಬಿಎಂಜಿ ಸಿಡಿಯಿಂದ! ಕಾಪಿ ತಡೆಯಲೆಂದು ಹಾಕಿದ ಆ ಪ್ರೋಗ್ರಾಮ್ ವಿಂಡೋಸ್‌ನ ಕಣ್ಣಿಗೇ ಬಟ್ಟೆ ಕಟ್ಟಿತ್ತು. ಹೆಸರಿನ ಮೊದಲಿಗೆ ಒಂದು ಗೊತ್ತಾದ ಅಕ್ಷರಗುಂಪು ಇರುವ ಯಾವ ಫೈಲೂ ಯಾರಿಗೂ ಕಾಣದ ಹಾಗೆ. ಕೆಲವೇ ದಿನದಲ್ಲಿ ವೈರಸ್ ಬರೆಯುವವರು ತಮ್ಮ ವೈರಸ್ಸಿಗೂ ಅದೇ ಅಕ್ಷರ ಸೇರಿಸಿ ಅದರ ಮರೆಯಲ್ಲಿ ಅಡಗಲು ಶುರು ಮಾಡಿದರು. ಯಾರ ಕಂಪ್ಯೂಟರ್ ಹಾಳಾಯಿತು ಹೇಳಿ? ಹಾಡನ್ನು ಕೊಂಡವರದು. ಟೊರೆಂಟ್‌ನಲ್ಲಿ ಬಿಟ್ಟಿ ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ. ನಿಮ್ಮ ಪ್ರಶ್ನೆ ಇಪ್ಪತ್ತು ವರ್ಷ ಹಳೆಯದು ಟೀಚರ್, ಆದರೆ ಇನ್ನೂ ಸರಿಯಾದ ಪ್ರಶ್ನೆಯೇ.

ಈಗ ತಮ್ಮನ ಹಾಡಿಗೆ ಬರೋಣ. ಆ್ಯಪಲ್ 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ಅಂಗಡಿ ತೆರೆದಾಗ ಹಾಡಿನ ಕಂಪನಿಗಳು ಬೀಗ ಇಲ್ಲದೆ ಕೊಡಲ್ಲ ಅಂದವು. ಹಾಗಾಗಿ ಫೇರ್‌ಪ್ಲೇ ಎಂಬ ಬೀಗ. ಫೈಲಿನ ಹೆಸರಿನ ಕೊನೆಗೆ 'ಎಂ4ಪಿ' ಅಂತ ಇದೆಯಾ ನೋಡಿ. ಕೊನೆಯ 'ಪಿ' ಅಂದರೆ ಬೀಗ ಬಿದ್ದಿದೆ ಅಂತ ಅರ್ಥ. 'ಎಂ4ಎ' ಅಂತಿದ್ದರೆ ಬೀಗ ಇಲ್ಲ, ನಿಮ್ಮ ಫೋನಿನಲ್ಲಿ ಸುಮ್ಮನೆ ಓಡಬೇಕು. 'ಪಿ' ಇರುವುದು ಆ್ಯಪಲ್‌ನ ಪ್ರೋಗ್ರಾಮಿನಲ್ಲಿ, ಅದೂ ಕೊಂಡವರ ಹೆಸರಿನಲ್ಲಿ ಅನುಮತಿ ಪಡೆದ ಐದು ಕಂಪ್ಯೂಟರಿನಲ್ಲಿ, ಇಲ್ಲವೇ ಆ್ಯಪಲ್‌ನದೇ ಐಪಾಡ್, ಐಫೋನ್‌ನಂಥವುಗಳಲ್ಲಿ ಮಾತ್ರ ಓಡುತ್ತದೆ. ಆಂಡ್ರಾಯ್ಡ್ ಫೋನಿಗೆ ಹಾಕಿದರೆ ಅದಕ್ಕೆ ಅದು ಹಾಡು ಅಂತಲೇ ಗೊತ್ತಾಗಲ್ಲ.

ದಾರಿ ಇದೆ, ಅದನ್ನು ಮಾರಿದವರೇ ಬಿಟ್ಟ ದಾರಿ. ಆ ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ತೆರೆದು ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಅವರ ಪಾಸ್‌ವರ್ಡಿನಿಂದ ಅನುಮತಿ ಹಾಕಿಸಿ. ಹಾಡುಗಳನ್ನು ಹದಿನೆಂಟು ಇಪ್ಪತ್ತರ ಹಾಗೆ ಪ್ಲೇಲಿಸ್ಟ್ ಮಾಡಿ ಆಡಿಯೋ ಸಿಡಿಗೆ ಬರೆಯಿರಿ. ಒಂದೇ ಪಟ್ಟಿಯನ್ನು ಏಳು ಸಲದ ತನಕ ಬರೆಯಲು ಆಗಲೇ ಅನುಮತಿ ಕೊಟ್ಟಿದ್ದರು. ಸಿಡಿಗೆ ಬಂದ ಹಾಡಿಗೆ ಬೀಗ ಇರಲ್ಲ. ಆ ಸಿಡಿಯನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಇಳಿಸುವಾಗ ಎಂಪಿ3 ಬೇಡ, ಫ್ಲ್ಯಾಕ್ ಅಂತ ಆರಿಸಿ (ಐಟ್ಯೂನ್ಸ್‌ನಲ್ಲಿ ಅದು ಇಲ್ಲ, ಫ್ಲ್ಯಾಕ್ ಮಾಡುವ ಬೇರೆ ಪ್ರೋಗ್ರಾಮ್ ಬಳಸಿ). ಯಾಕೆಂದರೆ ಈ ಹಾಡುಗಳು ಈಗಾಗಲೇ ಒಮ್ಮೆ ಸದ್ದು ಕಳೆದುಕೊಂಡು 128ಕ್ಕೆ ಇಳಿದಿವೆ. ಎಂಪಿ3 ಮಾಡಿದರೆ ಇನ್ನೊಮ್ಮೆ ಕಳೆದುಕೊಳ್ಳುತ್ತವೆ. ಫ್ಲ್ಯಾಕ್ ಏನನ್ನೂ ಎಸೆಯುವುದಿಲ್ಲ, ಆಂಡ್ರಾಯ್ಡ್‌ನಲ್ಲಿ ಸಲೀಸಾಗಿ ಓಡುತ್ತದೆ. ಲ್ಯಾಪ್‌ಟಾಪಿನ ಸಿಡಿ ಡ್ರೈವ್ ಕೆಟ್ಟಿದ್ದರೆ, ನಮ್ಮ ತೇವಕ್ಕೆ ಕೆಟ್ಟೇ ಇರುತ್ತದೆ, ಯುಎಸ್‌ಬಿ ಡ್ರೈವ್ ಒಂದನ್ನು ಯಾರ ಹತ್ತಿರವಾದರೂ ಸಾಲ ತನ್ನಿ.

ಈ ಬೀಗ ಬಿಚ್ಚಿಸಿದ್ದು ಯಾರು ಗೊತ್ತಾ? ಒಂದು ಮಟ್ಟಿಗೆ ಆ್ಯಪಲ್ ಕಂಪನಿಯೇ. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದರು. 2006ರಲ್ಲಿ ಆನ್‌ಲೈನ್ ಅಂಗಡಿಗಳು ಬೀಗ ಹಾಕಿ ಮಾರಿದ್ದು 200 ಕೋಟಿಗಿಂತ ಕಡಿಮೆ ಹಾಡು, ಅದೇ ವರ್ಷ ಹಾಡಿನ ಕಂಪನಿಗಳು ಸಿಡಿಯಲ್ಲಿ ಬೀಗವೇ ಇಲ್ಲದೆ ಮಾರಿದ್ದು 2,000 ಕೋಟಿಗೂ ಹೆಚ್ಚು ಹಾಡು. ಹತ್ತರಲ್ಲಿ ಒಂಬತ್ತು ಪಾಲು ತೆರೆದೇ ಮಾರುತ್ತಾ, ಉಳಿದ ಒಂದು ಪಾಲಿಗೆ ಬೀಗ ಹಾಕಿ ಏನು ಪ್ರಯೋಜನ ಅಂತ ಕೇಳಿದರು. ಮುಂಬಾಗಿಲು ತೆಗೆದಿಟ್ಟು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಮೊದಲು ಇಎಂಐ ಒಪ್ಪಿತು, 2009ರಲ್ಲಿ ಉಳಿದ ದೊಡ್ಡ ಕಂಪನಿಗಳೂ ಒಪ್ಪಿ ಐಟ್ಯೂನ್ಸ್ ಹಾಡುಗಳ ಬೀಗ ಹೋಯಿತು. ನಿಮ್ಮ ತಮ್ಮ ಮೂರು ವರ್ಷ ತಡವಾಗಿ ಕೊಂಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಬೀಗದ ನಿಜವಾದ ಕಷ್ಟ ಏನೆಂದರೆ, ಕೀಲಿ ಕಾಯುವವರು ಒಬ್ಬರು ಯಾವಾಗಲೂ ಇರಬೇಕು. ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿ ಮುಚ್ಚಿ, 2008ರಲ್ಲಿ ಅದರ ಕೀಲಿ ಕೊಡುವ ಸರ್ವರನ್ನೂ ನಿಲ್ಲಿಸುತ್ತೇವೆ ಅಂತ ಗಿರಾಕಿಗಳಿಗೆ ಕಾಗದ ಹಾಕಿತು. ಅಂದರೆ ನೀವು ಕೊಂಡ ಹಾಡು ಈಗಿನ ಕಂಪ್ಯೂಟರಿನಲ್ಲಿ ಓಡುತ್ತದೆ, ಅದು ಕೆಟ್ಟು ಹೊಸದು ತಂದರೆ ಓಡಲ್ಲ. ಜನ ಗಲಾಟೆ ಮಾಡಿದ ಮೇಲೆ ಕೆಲವು ವರ್ಷ ಮುಂದೂಡಿತು. ಅದೇ ವರ್ಷ ಯಾಹೂ ಕೂಡ ಹೀಗೇ ಮಾಡಿತು.

ನಮ್ಮ ದೇಶದಲ್ಲಿ ಇದಕ್ಕೆ ಉಲ್ಟಾ ಒಂದು ಉದಾಹರಣೆ ಇದೆ. ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆಯಿತು, ಬೀಗ ಇಲ್ಲದ ಎಂಪಿ3. ನಡೆಯಲಿಲ್ಲ, 2013ರ ಜೂನ್‌ನಲ್ಲಿ ಮುಚ್ಚಿತು. ನಾನು ಅಲ್ಲಿ ಕೊಂಡ ಹಾಡುಗಳು ಮೂರು ಕಂಪ್ಯೂಟರ್, ಐದು ಫೋನ್ ದಾಟಿ ಈಗಲೂ ನನ್ನ ಜೀಪಿನಲ್ಲಿ ಓಡುತ್ತಿವೆ. ಅಂಗಡಿ ಸತ್ತಿದೆ, ಸರಕು ಬದುಕಿದೆ. ಹಾಡು ಕೊಳ್ಳುವಾಗ ನಾನು ಈಗ ಕೇಳಿಕೊಳ್ಳುವುದು ಒಂದೇ: ನಾಳೆ ಇವರು ಬಾಗಿಲು ಹಾಕಿದರೆ ಇದು ಓಡುತ್ತಾ? ಓಡಲ್ಲ ಅಂದರೆ ಅದಕ್ಕೆ ಬಾಡಿಗೆಯ ರೇಟು ಕೊಡುತ್ತೇನೆ, ಕ್ರಯದ ರೇಟು ಕೊಡಲ್ಲ. ಓಡುವಂಥದ್ದು ಬೇಕಾದರೆ ಐಟ್ಯೂನ್ಸ್ ಸ್ಟೋರ್ ಭಾರತಕ್ಕೆ 2012ರ ಡಿಸೆಂಬರಿನಲ್ಲಿ ಬಂದಿದೆ, ಬೀಗ ಬಿಚ್ಚಿದ ಮೇಲೆಯೇ ಬಂದದ್ದು. ಅಲ್ಲಿ 'ಕೊಂಡ' ಹಾಡು ತೆರೆದಿರುತ್ತದೆ, ಅದೇ ಕಂಪನಿಯ ಚಂದಾ ಸೇವೆಯಲ್ಲಿ ಇಳಿಸಿದ ಅದೇ ಹಾಡಿಗೆ ಬೀಗ ಇರುತ್ತದೆ. ಸ್ವಂತವಾಗಿ ಹಾಡು ಮಾಡುವವರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಬೀಗವಿಲ್ಲದ ಫ್ಲ್ಯಾಕ್ ಮಾರುತ್ತಾರೆ.

ಗೋಣಿಕೊಪ್ಪದ ಕಾರ್ಡು. ಅದು ಯಾಕೆ ಹಾಡುತ್ತಿದೆ ಅಂತ ಈಗ ನಿಮಗೆ ಗೊತ್ತಾಗಿರಬೇಕು, ಅದರಲ್ಲಿರುವುದು ಬೀಗ ಇಲ್ಲದ ಎಂಪಿ3. ಅದನ್ನೊಮ್ಮೆ ಹತ್ತಿರದಿಂದ ನೋಡಿ. ಹಾಡಿನ ಹೆಸರಿಗೆ ಯಾವುದೋ ವೆಬ್‌ಸೈಟಿನ ಹೆಸರು ಅಂಟಿಕೊಂಡಿರುತ್ತದೆ, ಒಂದೇ ಹಾಡು ಮೂರು ಸಲ ಇರುತ್ತದೆ, ಹಾಡಿದವರ ಹೆಸರು ಇರಬೇಕಾದ ಕಡೆ ಖಾಲಿ. ಒಳ್ಳೇ ಇಯರ್‌ಫೋನ್ ಹಾಕಿ ತಾಳದ ಸದ್ದು ಕೇಳಿ. ಝಣ್ ಅನ್ನಬೇಕಾದ್ದು ನೀರಿನೊಳಗಿಂದ ಬಂದ ಹಾಗೆ ಜುಳುಜುಳು ಅನ್ನುತ್ತದೆ. ಕಾರ್ಡಿನಲ್ಲಿ ಜಾಸ್ತಿ ಹಿಡಿಸಲಿ ಅಂತ ಹಿಂಡಿ ಹಿಪ್ಪೆ ಮಾಡಿದ್ದರ ಫಲ ಅದು. ಅದು ಕಳ್ಳ ಮಾಲು ಎಂಬುದರಲ್ಲಿ ಸಂಶಯ ಬೇಡ, ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಗೊತ್ತಿದ್ದೂ ಹೀಗೆ ಕಾಪಿ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಇದೆ. ಮಗನ ಮೇಲೆ ರೇಗಬೇಡಿ. ಆ ಕಾಲದಲ್ಲಿ ಗೋಣಿಕೊಪ್ಪದಲ್ಲಿ ಹಾಡು ದುಡ್ಡು ಕೊಟ್ಟು ಫೋನಿಗೆ ಹಾಕಿಸುತ್ತೇನೆ ಅಂದರೂ ಅಂಥ ಅಂಗಡಿ ಎಲ್ಲಿತ್ತು? ಜನ ಕಳ್ಳರಾದದ್ದು ಬಿಟ್ಟಿ ಸಿಕ್ಕಿತೆಂದು ಮಾತ್ರ ಅಲ್ಲ, ಸುಲಭವಾಗಿ ಸಿಕ್ಕಿದ್ದು ಅದೊಂದೇ ಎಂದು ಕೂಡ. ಆ ಹುಡುಗರೇ ಈಗ ಚಂದಾ ಕಟ್ಟುತ್ತಿದ್ದಾರೆ.

ಇನ್ನು ನಿಮ್ಮ ಸಿಡಿಗಳು. ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗೆ ನ್ಯಾಯವಾಗಿ ಬಳಸುವುದನ್ನು ಅಪರಾಧ ಅನ್ನುವುದಿಲ್ಲ, 2012ರ ತಿದ್ದುಪಡಿಯ ನಂತರ ಇದು ಹಾಡಿನ ರೆಕಾರ್ಡಿಗೂ ಅನ್ವಯಿಸುತ್ತದೆ. ನೀವು ಕೊಂಡ ಸಿಡಿಯನ್ನು ನಿಮ್ಮದೇ ಫೋನಿಗೆ ಹಾಕಿಕೊಂಡು ಕೇಳುವುದಕ್ಕೆ ನಾನಂತೂ ಹೆದರಲ್ಲ, ನೀವೂ ಹೆದರಬೇಡಿ. ಅದೇ ತಿದ್ದುಪಡಿ 65ಎ ಎಂಬ ಕಲಮು ತಂದು, ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದ ತನಕ ಜೈಲು ಅಂದಿತು. 'ಉದ್ದೇಶದಿಂದ' ಎಂಬ ಮಾತು ಮುಖ್ಯ. ಅಮೆರಿಕದ ಕಾನೂನಿಗಿಂತ ನಮ್ಮದು ಈ ವಿಷಯದಲ್ಲಿ ಸ್ವಲ್ಪ ಮೆದು.

ನೆಂಟರಿಗೆ ಕಳಿಸುವುದು ಬೇರೆ ಲೆಕ್ಕ. ಅಂಗಡಿಯ ಸಿಡಿಯನ್ನು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಅದು ಸ್ವಂತ ಬಳಕೆ ಆಗಲ್ಲ. ಕಾನೂನು ಪಕ್ಕಕ್ಕಿಡಿ, ಲೆಕ್ಕ ಹಾಕಿ ನೋಡಿ. ಕೊಡವ ತಕ್ಕ್ ಮಾತಾಡುವವರು ಜನಗಣತಿಯಲ್ಲಿ ಒಂದು ಲಕ್ಷ ಚಿಲ್ಲರೆ. ಕೊಡವ ಹಾಡಿನ ಆಲ್ಬಮ್ ಮಾಡಿದವರಿಗೆ ಕೊಳ್ಳುವ ಮನೆಗಳು ಎಷ್ಟು ಸಿಗಬಹುದು? ನಿಮ್ಮ ಒಕ್ಕದ (ಮನೆತನದ) ಗ್ರೂಪಿನಲ್ಲೇ ಇನ್ನೂರು ಜನ ಇರುತ್ತಾರೆ. ದೊಡ್ಡ ಹಿಂದಿ ಹಾಡಿಗೆ ಇನ್ನೂರು ಗಿರಾಕಿ ಹೋದರೆ ಗೊತ್ತೂ ಆಗಲ್ಲ, ಇಲ್ಲಿ ಸ್ಟುಡಿಯೋ ಬಾಡಿಗೆಯೇ ಹುಟ್ಟುವುದಿಲ್ಲ. ಹಾಡಿದವರು ಪೊನ್ನಂಪೇಟೆಯಲ್ಲೋ ವಿರಾಜಪೇಟೆಯಲ್ಲೋ ನಿಮಗೆ ಎದುರಾಗುವವರು ಬೇರೆ. ಸಿಡಿ ಈಗ ಎಲ್ಲೂ ಸಿಗುತ್ತಿಲ್ಲ ಅಂದರೆ ಅವರನ್ನೇ ಒಂದು ಮಾತು ಕೇಳಿ. ನಾನು ಕೇಳಿದಾಗಲೆಲ್ಲ ಬಹಳ ಜನ ಖುಷಿಯಿಂದ ಹಂಚಿ ಅಂದಿದ್ದಾರೆ, ಒಬ್ಬರು ತಮ್ಮ ಹತ್ತಿರ ಉಳಿದಿದ್ದ ನಲವತ್ತು ಸಿಡಿಯನ್ನೇ ಕಟ್ಟಿ ಕೊಟ್ಟರು.

ಹಳೇ ಜನಪದ ಹಾಡು ಅಲ್ವಾ, ಅದಕ್ಕೆಂಥ ಹಕ್ಕು ಅಂತ ಕೆಲವರು ಕೇಳುತ್ತಾರೆ. ಹಾಡಿಗೆ ಇಲ್ಲ, ರೆಕಾರ್ಡಿಗೆ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರ 'ಪಟ್ಟೋಲೆ ಪಳಮೆ'ಯಲ್ಲಿ ಸಂಗ್ರಹಿಸಿಟ್ಟ ಹಾಡುಗಳನ್ನು ನೀವು, ನಾನು, ಯಾರು ಬೇಕಾದರೂ ದುಡಿ ಹಿಡಿದು ಹಾಡಿ ರೆಕಾರ್ಡ್ ಮಾಡಬಹುದು. ಆದರೆ ಬೇರೆಯವರು ಹಾಡಿ ಹೊರತಂದ ರೆಕಾರ್ಡಿನ ಮೇಲೆ ಅವರಿಗೆ 60 ವರ್ಷ ಹಕ್ಕಿರುತ್ತದೆ. ಹೊಸದಾಗಿ ಬರೆದ ಸಾಹಿತ್ಯ, ರಾಗಕ್ಕೆ ಬರೆದವರು ತೀರಿಕೊಂಡ ಮೇಲೂ 60 ವರ್ಷ.

ಅಕ್ಕನ ಮದುವೆಯ ವಾಲಗ ನಿಮ್ಮ ಮನೆಯವರೇ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಅಂತ ಅಂದುಕೊಳ್ಳುತ್ತೇನೆ. ಅದನ್ನು ನೆಂಟರಿಗೆ ಧಾರಾಳವಾಗಿ ಕಳಿಸಿ. ಯೂಟ್ಯೂಬಿಗೆ ಹಾಕುವುದಾದರೆ ಮಾತ್ರ ಬಾರಿಸಿದವರನ್ನೋ ಅವರ ಮಕ್ಕಳನ್ನೋ ಕೇಳಿ ಹೆಸರು ಹಾಕಿ, ಬಾರಿಸಿದವರಿಗೂ ಕಾನೂನಿನಲ್ಲಿ 50 ವರ್ಷದ ಹಕ್ಕಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಅಂತ ಕಳಿಸಿ, ಫೈಲು ಇದ್ದ ಹಾಗೇ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಆ ಕ್ಯಾಸೆಟ್ಟು. ಹಾಡಿನ ಆ್ಯಪ್ ಇವತ್ತಲ್ಲ ನಾಳೆ ಸರಿಯಾಗುತ್ತದೆ, ಆ ವಾಲಗ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ. ನಮ್ಮ ಕಕ್ಕಡದ, ಅಂದರೆ ಜೋರು ಮಳೆಯ ತಿಂಗಳ ಥಂಡಿಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿ, ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಹಿಟ್ಟು ಉದುರಿದ ಹಾಗೆ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ, ಟೇಪೂ ಸಿಕ್ಕಿಹಾಕಿಕೊಳ್ಳಬಹುದು. ಚೊಕ್ಕ ಇದ್ದರೆ ಒಮ್ಮೆ ಕೊನೆ ತನಕ ಓಡಿಸಿ ಹಿಂದಕ್ಕೆ ಸುತ್ತಿ, ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಇಯರ್‌ಫೋನ್ ತೂತಿನಿಂದ ಒಂದು ವೈರು ಕಂಪ್ಯೂಟರಿನ ಲೈನ್ ಇನ್‌ಗೆ ಕೊಡಿ. ಮೈಕಿನ ತೂತಿಗೆ ಕೊಟ್ಟರೆ ಸದ್ದು ಒಡೆಯುತ್ತದೆ. ಆಡಾಸಿಟಿ ಎಂಬ ಉಚಿತ ಪ್ರೋಗ್ರಾಮಿನಲ್ಲಿ ರೆಕಾರ್ಡ್ ಮಾಡಿ. ದುಡಿಯ ಪೆಟ್ಟು ಬಿದ್ದಾಗ ಮೀಟರಿನ ಪಟ್ಟಿ ಕೆಂಪಿಗೆ ಹೋಗಬಾರದು, ಮೈನಸ್ 6ರ ಹತ್ತಿರ ನಿಂತರೆ ಸರಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಬೇಗ ಓಡಿಸಲು ಆಗಲ್ಲ. ವೇವ್ ಫೈಲಾಗಿ ಉಳಿಸಿದರೆ 635 ಎಂಬಿ ಬರುತ್ತದೆ, ಇಟ್ಟುಕೊಳ್ಳಿ. ಒಂದು ಕಾಪಿ ನಿಮ್ಮಲ್ಲಿ, ಒಂದು ಅಮೆರಿಕದ ತಮ್ಮನ ಹತ್ತಿರ. ಅಲ್ಲಿ ಬೂಷ್ಟು ಕಮ್ಮಿ.

ಕೆಲಸ ಮುಗಿಯುವ ತನಕ ಕ್ಯಾಸೆಟ್ಟನ್ನು ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಟೇಪು ಸೊಟ್ಟಗಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕು ಹಾಕಿ ಮುಚ್ಚಿಡಿ. ರೆಕಾರ್ಡ್ ಮಾಡುವಾಗ ಬಿ ಸೈಡನ್ನೂ ಕೊನೆಯ ತನಕ ಓಡಿಸಿ ನೋಡಿ. ಹೋದ ವರ್ಷ ಒಬ್ಬರು ತಂದ ಕ್ಯಾಸೆಟ್ಟಿನ ಬಿ ಸೈಡ್ ಖಾಲಿ ಅಂತ ಹೇಳಿದ್ದರು. ಇಪ್ಪತ್ತೆರಡು ನಿಮಿಷ ಬರೀ ಬುಸ್ ಅಂದು, ಆಮೇಲೆ ಅವರ ಅಜ್ಜಿ ಯಾರನ್ನೋ ಊಟಕ್ಕೆ ಕರೆಯುವ ದನಿ ಬಂತು.